ಗುರುಪುತ್ರಪ್ಪನ ಎಣ್ಣಿ ಪರೀಕ್ಷೆ

ಗುರುಪುತ್ರಪ್ಪ ವಿಮಾನದ ಕಂಪನಿಯಲ್ಲಿ ಏನು ಕೆಲಸ ಮಾಡುತ್ತಾನೆ ಎಂಬುದು ಬೆಳಗಾವಿಯ ಅನಗೋಳದ ಅವನ ಗಲ್ಲಿಯಲ್ಲಿ ಯಾರಿಗೂ ಸರಿಯಾಗಿ ಗೊತ್ತಿರಲಿಲ್ಲ. ಇದರಲ್ಲಿ ಗಲ್ಲಿಯವರ ತಪ್ಪೇನೂ ಇಲ್ಲ. ಗೊತ್ತಾಗದ ಹಾಗೆ ನೋಡಿಕೊಳ್ಳಲು ಗುರುಪುತ್ರಪ್ಪ ಸಾಕಷ್ಟು ಶ್ರಮಪಟ್ಟಿದ್ದ.

ಮೊದಲು ಅವನು ಪಂಪ್‌ಸೆಟ್ ಮಾರುವ ಅಂಗಡಿಯಲ್ಲಿದ್ದ. ಅಂಗಡಿ ಮುಚ್ಚಿದ ಮೇಲೆ, ಖಾನಾಪುರ ರಸ್ತೆಯಲ್ಲಿ ಊರು ಮುಗಿದು ಗದ್ದೆ ಸುರುವಾಗುವ ಕಡೆ ಹೊಸದಾಗಿ ಎದ್ದಿದ್ದ ಪೈಲಟ್ ತರಬೇತಿ ಶಾಲೆಗೆ ಸೇರಿದ. ಅಲ್ಲಿ ಎರಡು ಸಣ್ಣ ವಿಮಾನ, ಒಂದು ಓಡುದಾರಿ, ಒಂದು ತಗಡಿನ ಶೆಡ್ಡು. ವಿಮಾನ ತೊಳೆಯುವುದು, ಗಾಲಿಗೆ ಕಟ್ಟಿಗೆ ತುಂಡು ಕೊಡುವುದು, ತೆಗೆಯುವುದು ಅವನ ಕೆಲಸ. ಇದರ ಜೊತೆಗೆ ಇನ್ನೊಂದು ಕೆಲಸವಿತ್ತು. ದಿನಾ ಮುಂಜಾನೆ ರೆಕ್ಕೆಯ ಕೆಳಗಿನ ಪುಟ್ಟ ನಲ್ಲಿಯಿಂದ ಒಂದಿಷ್ಟು ಇಂಧನವನ್ನು ಗಾಜಿನ ಲೋಟಕ್ಕೆ ಇಳಿಸಿ, ಬೆಳಕಿಗೆ ಹಿಡಿದು ನೋಡುವುದು. ನೋಡಬೇಕಾದವರು ಕಲಿಯುವ ಹುಡುಗರು. ಅವರು ನೋಡಿದ್ದನ್ನು ಖಾತ್ರಿ ಮಾಡಬೇಕಾದವರು ಕ್ಯಾಪ್ಟನ್ ಮುಗ್ಧಾ ಮೇಡಮ್. ಗುರುಪುತ್ರಪ್ಪ ಲೋಟ ಹಿಡಿದುಕೊಂಡು ಬಾಜೂಕ್ಕೆ ನಿಲ್ಲುವವ. ಆದರೆ ಬಾಜೂಕ್ಕೆ ನಿಂತವನಿಗೂ ಕಣ್ಣಿರುತ್ತವಲ್ಲ; ಅವನೂ ನೋಡುತ್ತಿದ್ದ.

ಯಾಕೆ ನೋಡಬೇಕು ಎಂದು ಮೇಡಮ್ ಮೊದಲ ದಿನವೇ ಬಿಡಿಸಿ ಹೇಳಿದ್ದರು. ಮಳೆಯ ನೀರು ಮುಚ್ಚಳದ ಸಂದಿಯಿಂದ ಟ್ಯಾಂಕಿಗೆ ಇಳಿಯುತ್ತದೆ. ಅರ್ಧ ಖಾಲಿ ಟ್ಯಾಂಕಿನೊಳಗೆ ರಾತ್ರಿಯ ತಂಪಿಗೆ ತಾನಾಗಿಯೇ ನೀರು ಹನಿಗಟ್ಟುತ್ತದೆ. ಪೀಪಾಯಿಯ ತುಕ್ಕು, ಕಸ ಬರುತ್ತದೆ. ನೀರು ಭಾರ, ಅಡಿಗೆ ಕೂಡುತ್ತದೆ. ಇಂಜಿನ್ನಿಗೆ ಹೋಗುವುದೂ ಅಡಿಯದ್ದೇ. ಸ್ಕೂಟರಿನಲ್ಲಿ ನೀರು ಹೊಕ್ಕರೆ ರಸ್ತೆಯ ಬದಿಗೆ ನಿಲ್ಲಿಸಿ ನಾಲ್ಕು ಸಲ ಒದೆಯಬಹುದು. ಆಕಾಶಕ್ಕೆ ಬದಿ ಎಂಬುದಿಲ್ಲ.

"ನಾಲ್ಕು ನೋಡಬೇಕ್ರಿ ಗುರುಪುತ್ರಪ್ಪನವರ," ಎಂದಿದ್ದರು ಮೇಡಮ್. "ಬಣ್ಣ ನೀಲಿ ಇರಬೇಕು. ವಾಸನಿ ಪೆಟ್ರೋಲಿಂದ ಇರಬೇಕು. ಕಸ ಇರಬಾರದು. ತಳದಾಗ ನೀರಿನ ಗೆರಿ ಇರಬಾರದು."

ಈ ನಾಲ್ಕರಲ್ಲಿ ಗುರುಪುತ್ರಪ್ಪನ ತಲೆಯಲ್ಲಿ ಗೆರೆಯೊಂದೇ ಗಟ್ಟಿಯಾಗಿ ಕುಳಿತಿತು. ಉಳಿದ ಮೂರು, ಮನೆಗೆ ಬಂದ ಬೀಗರ ಹಾಗೆ, ಸ್ವಲ್ಪ ಹೊತ್ತು ಕುಳಿತು ಎದ್ದು ಹೋದವು.

ಗಲ್ಲಿಯಲ್ಲಿ ಅವನು ಹೇಳಿದ್ದು ಇಷ್ಟು: "ನಾ ಪರೀಕ್ಷಾ ವಿಭಾಗದಾಗ ಅದೀನಿ. ನಾ ಹೂಂ ಅಂದ ಮ್ಯಾಲನ ವಿಮಾನ ಏಳೂದು." ಸುರುವಿಗೆ ಇಂಧನಕ್ಕೆ ಮೇಡಮ್ ಹೇಳುವ ಹೆಸರನ್ನೇ ತಾನೂ ಹೇಳುತ್ತಿದ್ದ: ಅವ್‌ಗ್ಯಾಸ್. ಗಲ್ಲಿಯವರು ಅದರಲ್ಲಿ 'ಗ್ಯಾಸ್' ಅಷ್ಟನ್ನೇ ಕೇಳಿಸಿಕೊಂಡು, "ಸಿಲಿಂಡರ್ ತಡಾ ಆಗೇತಿ, ನಿಮ್ಮ ಕಡಿಂದ ಒಂದು ಕೊಡಸ್ರಿ" ಎಂದು ಬಾಗಿಲಿಗೆ ಬಂದರು. ಪೆಟ್ರೋಲ್ ಅನ್ನೋಣವೆಂದರೆ ಅದು ಸ್ಕೂಟರಿನ ಮಟ್ಟಕ್ಕೆ ಇಳಿದಂತಾಯಿತು. ಕೊನೆಗೆ "ವಿಮಾನದ ಎಣ್ಣಿ" ಎಂದ. ದಿನಾ ಅಷ್ಟುದ್ದ ಹೇಳುವವರು ಯಾರು? ವಿಮಾನ ಉದುರಿ ಎಣ್ಣಿಯೊಂದೇ ಉಳಿಯಿತು. ಬೆಳಗಾವಿ ಸೀಮೆಯಲ್ಲಿ ಗಂಡಸೊಬ್ಬ ಬರೀ 'ಎಣ್ಣಿ' ಎಂದರೆ ಕೇಳಿದವರು ಒಗ್ಗರಣೆಯನ್ನು ನೆನೆಸಿಕೊಳ್ಳುವುದಿಲ್ಲ ಎಂಬುದು ಅವನಿಗೆ ಹೊಳೆಯಲಿಲ್ಲ. ಅವನು ಸ್ವತಃ ಬೀಡಿ, ಎಲೆ-ಅಡಿಕೆ ಕೂಡ ಮುಟ್ಟದ ಮನುಷ್ಯ.

ಮಳೆಗಾಲ ಸುರುವಾಗಿತ್ತು. ಒಂದು ಸಂಜೆ ಅವನು ಮಾಳಿಗೆಯ ಮೇಲೆ ನಿಂತು ಮೇಡಮ್ ಜೊತೆ ಫೋನಿನಲ್ಲಿ ಮಾತಾಡುತ್ತಿದ್ದ. ಪಕ್ಕದ ಮಾಳಿಗೆಯಲ್ಲಿ ಕಾಶೀಬಾಯಿ ಹಸಿ ಅರಿವೆ ತೆಗೆಯುತ್ತಿದ್ದಳು. ಬೇರೆಯವರ ಮಾತು ಕದ್ದು ಕೇಳುವ ಬುದ್ಧಿ ಆಕೆಯದಲ್ಲ. ಆದರೆ ಗುರುಪುತ್ರಪ್ಪ ದೊಡ್ಡವರ ಜೊತೆ ಮಾತಾಡುವಾಗ ದೊಡ್ಡದಾಗಿಯೇ ಮಾತಾಡುತ್ತಿದ್ದ.

"ಹೂಂ ಮೇಡಮ್ಮರ, ಸೂರ್ಯಾ ಹುಟ್ಟೂದ್ರಾಗ ಎಣ್ಣಿ ರೆಡಿ ಇಟ್ಟಿರತೀನಿ… ಇಲ್ರಿ, ಒಂದ ಗ್ಲಾಸಿನ್ಯಾಗ ಏನ ತಿಳೀತೈತಿ? ಎರಡ ಮೂರ ಗ್ಲಾಸ್ ತಗೊಳ್ಳೂಣು… ನೀರಾ? ಒಂದ ಹನಿ ನೀರ ಬೆರೀಗೊಡಂಗಿಲ್ಲ ನಾ… ಹುಡುಗೂರಿಗೂ ರೂಢಿ ಮಾಡಸತೀನ್ರಿ, ನೀವೇನ ಕಾಳಜಿ ಮಾಡಬ್ಯಾಡ್ರಿ."

ಕಾಶೀಬಾಯಿಯ ಕೈಯಲ್ಲಿದ್ದ ದುಪ್ಪಟಿ ಜಾರಿ ಕೆಸರಿಗೆ ಬಿತ್ತು. ಅದನ್ನು ಎತ್ತಲು ಕೆಳಗಿಳಿದವಳು ದುಪ್ಪಟಿಯನ್ನು ಅಲ್ಲಿಯೇ ಬಿಟ್ಟು ನೇರ ಪದ್ಮವ್ವನ ಅಡಿಗೆಮನೆಗೆ ಬಂದಳು.

"ವೈನಿ, ಒಂದ ಮಾತ ಕೇಳತೀನಿ, ಸಿಟ್ಟಾಗಬ್ಯಾಡ್ರಿ. ನಿಮ್ಮ ಯಜಮಾನ್ರು ಯಾಲಕ್ಕಿ ತಿಂತಾರೇನು?"

"ತಿಂತಾರ್ರಿ," ಎಂದಳು ಗುರುಪುತ್ರಪ್ಪನ ಹೆಂಡತಿ ಪದ್ಮವ್ವ. "ಕೆಲಸದಿಂದ ಬಂದ ಕೂಡ್ಲೆ ಎರಡು. ಆ ವಾಸನಿಗೆ ತಲಿ ನೋಯತೈತಿ ಅಂತಾರ."

"ಅಗೋಬಾಯಿ!" ಎಂದು ಕಾಶೀಬಾಯಿ ಕೆಳಗೇ ಕುಳಿತುಬಿಟ್ಟಳು.

ಆಮೇಲೆ ಇಬ್ಬರೂ ಕೂಡಿ ಗುರುಪುತ್ರಪ್ಪನ ಅಂಗಿ ಮೂಸಿ ನೋಡಿದರು. ಎಂಥದೋ ಘಾಟು ಇತ್ತು. ಚೀಲ ತೆರೆದರು. ಊಟದ ಡಬ್ಬಿಯ ಕೆಳಗೆ ಬಿಳೀ ಅರಿವೆಯಲ್ಲಿ ಕೂಸಿನ ಹಾಗೆ ಸುತ್ತಿದ ಗಾಜಿನ ಲೋಟ! ಸ್ವಚ್ಛ ತೊಳೆಯಲೆಂದು ಅವನು ಅದನ್ನು ಮನೆಗೆ ತಂದಿದ್ದ. ಮೂಸಿದರೆ ಅದೇ ಘಾಟು. ಪದ್ಮವ್ವ ಸೆರಗಿನಿಂದ ಬಾಯಿ ಮುಚ್ಚಿಕೊಂಡಳು. ಅಂದು ಸಂಜೆ ದೀಪ ಹಚ್ಚುವ ಹೊತ್ತಿಗೆ ಸುದ್ದಿ ಖಾನಾಪುರ ದಾಟಿ ಬೀಡಿ ಎಂಬ ಊರಿನಲ್ಲಿದ್ದ ಅವಳ ತಾಯಿ ಶಿವಲಿಂಗವ್ವನಿಗೆ ಮುಟ್ಟಿತು.

ಶಿವಲಿಂಗವ್ವ ಅಳುವ ಪೈಕಿಯ ಹೆಂಗಸಲ್ಲ. ಬೀಡಿಯಲ್ಲಿ ಸಾರಾಯಿ ಅಂಗಡಿಯ ಮುಂದೆ ಹೆಂಗಸರನ್ನು ಕೂಡಿಸಿಕೊಂಡು ಪೊರಕೆ ಹಿಡಿದು ಕುಳಿತಾಕೆ. ಅಂಥವಳ ಅಳಿಯ ಮುಂಜಾನೆ ಎದ್ದು ನೀರಿಲ್ಲದೆ ಏರಿಸುತ್ತಾನೆಂದರೆ ಮಾನ ಉಳಿದೀತೇ? ಆಕೆ ಊರಿನ ಅಯ್ಯನವರಾದ ಚನ್ನಬಸಯ್ಯನವರನ್ನು ಕರೆದುಕೊಂಡು ಖಾನಾಪುರದಲ್ಲಿ ಹಾರ್ಡ್‌ವೇರ್ ಅಂಗಡಿ ಇಟ್ಟಿದ್ದ ಮಗ ತಮ್ಮಣ್ಣನ ಮನೆಗೆ ಬಂದು, ರವಿವಾರ ಹೋಳಿಗೆ ಊಟಕ್ಕೆ ಬರಬೇಕೆಂದು ಅಳಿಯನಿಗೆ ಹೇಳಿಕಳಿಸಿದಳು.

ಗುರುಪುತ್ರಪ್ಪ ಹಿಗ್ಗಿಹೋದ. ಪಂಪ್‌ಸೆಟ್ ಅಂಗಡಿಯಲ್ಲಿದ್ದಾಗ ಅತ್ತೆಯ ಮನೆಯಲ್ಲಿ ಅವನಿಗೆ ಎರಡನೆಯ ಹೋಳಿಗೆಗೆ ಯಾರೂ ಒತ್ತಾಯ ಮಾಡಿರಲಿಲ್ಲ. ಈಗ ಇಂಥ ಆದರ! ಕೊನೆಗೂ ತನ್ನ ಹುದ್ದೆಯ ಬೆಲೆ ಇವರಿಗೆ ತಿಳಿಯಿತು ಎಂದುಕೊಂಡ. ಊಟವಾದ ಮೇಲೆ ಎಲ್ಲರೂ ಅವನ ಸುತ್ತ ಕುಳಿತು, ಮಕ್ಕಳನ್ನು ಹೊರಗೆ ಕಳಿಸಿ ಬಾಗಿಲು ಮುಂದೆ ಮಾಡಿದಾಗಲೂ ಅವನಿಗೆ ಕಂಡದ್ದು ಆದರವೇ.

"ಅಳಿಯಂದಿರ," ಎಂದಳು ಶಿವಲಿಂಗವ್ವ. "ಅಯ್ಯನವರ ಮುಂದ ಖರೇ ಹೇಳ್ರಿ. ಈ ಎಣ್ಣಿದು ದಿನಾ ಐತೇನು?"

"ದಿನಾ ರೀ ಅತ್ತಿ. ಮುಂಜಾನಿ ಎದ್ದ ಮೊದಲ ಕೆಲಸನ ಅದು."

"ಹಬ್ಬ ಹುಣ್ಣಿವಿ ಏನೂ ಇಲ್ಲೇನು?"

"ಎಲ್ಲೀ ಹಬ್ಬರೀ! ಮಳಿ ಬಿದ್ದ ಮರುದಿನ ಅಂತೂ ಇನ್ನ ಎರಡ ಗ್ಲಾಸ್ ಜಾಸ್ತಿ."

ಪದ್ಮವ್ವ ಮೂಗು ಒರೆಸಿಕೊಂಡಳು. ಹೆಂಡತಿಗೆ ಹೆಮ್ಮೆಯಿಂದ ಕಣ್ಣು ತುಂಬಿದವೆಂದು ಗುರುಪುತ್ರಪ್ಪ ಇನ್ನಷ್ಟು ಹುರುಪಾದ.

ಚನ್ನಬಸಯ್ಯನವರು ಮೆತ್ತಗೆ ಕೇಳಿದರು. "ಸ್ವಲ್ಪ ನೀರ ಬೆರಸಿದ್ರ ಆಗೂದಿಲ್ಲೇನಪಾ?"

"ಅಯ್ಯನವರ, ಎಂಥಾ ಮಾತಂದ್ರಿ!" ಗುರುಪುತ್ರಪ್ಪ ಕೆನ್ನೆ ಬಡಿದುಕೊಂಡ. "ನೀರ ಬೆರೀತು ಅಂದ್ರ, ಮ್ಯಾಲ ಹೋದಾಂವ ಖರೇನ ಮ್ಯಾಲ ಹೋಗಿಬಿಡತಾನ!"

"ಬಣ್ಣ ಎಂಥಾದು?" ಎಂದ ತಮ್ಮಣ್ಣ. ಅವನ ಧ್ವನಿಯಲ್ಲಿ ಸಿಟ್ಟಿನ ಜೊತೆ ಒಂದಿಷ್ಟು ಕುತೂಹಲವೂ ಇತ್ತು.

"ನೀಲಿ. ಭಾಳ ಚಂದ ಇರತೈತಿ. ಮುಗ್ಧಾ ಮೇಡಮ್ಮರು ನಾನು ಬಾಜೂ ಬಾಜೂ ನಿಂತು, ಗ್ಲಾಸ್ ಬಿಸಿಲಿಗೆ ಹಿಡದು ನೋಡತೀವಿ. ಆಮ್ಯಾಲ ಅವರು ಮ್ಯಾಲ ಹೋಗತಾರ."

"ಹೆಂಗಸೂ ಐತಿ!" ಎಂದು ಪದ್ಮವ್ವ ಗಟ್ಟಿಯಾಗಿ ಅತ್ತುಬಿಟ್ಟಳು.

"ಇದ್ರಾಗೇನ ಅಳೂದೈತಿ?" ಎಂದ ಗುರುಪುತ್ರಪ್ಪ. "ಈಗಿನ ಕಾಲದಾಗ ಹೆಣಮಕ್ಕಳ ಮುಂದ ಅದಾರ. ನಾಳಿ ಮುಂಜಾನಿ ದೊಡ್ಡ ಕಾರ್ಯಕ್ರಮ ಐತಿ. ಓಂಕಾರ ಅಂತ ಒಂದ ಹುಡುಗ, ಇಷ್ಟ ದಿನ ಮೇಡಮ್ಮರ ಜೋಡಿ ಇರತಿದ್ದ, ನಾಳಿ ಮೊದಲ ಸಲ ಒಬ್ಬಾವನ. ಅವರಪ್ಪ ಅವ್ವ ನೋಡಾಕ ಬರ್ತಾರ. ಪೇಢೆ ಹಂಚತಾರಂತ."

ಹಡೆದವರ ಮುಂದೆಯೇ ಹುಡುಗರಿಗೆ ರೂಢಿ ಮಾಡಿಸಿ ಪೇಢೆ ಹಂಚುವ ಕಾಲ ಬಂತೇ? ಚನ್ನಬಸಯ್ಯನವರು ಕಣ್ಣು ಮುಚ್ಚಿ "ಶಿವಾ" ಎಂದರು. ಶಿವಲಿಂಗವ್ವ ಮಾತ್ರ ಕಣ್ಣು ಮುಚ್ಚಲಿಲ್ಲ. ಮಗಳನ್ನು ಅಲ್ಲಿಯೇ ಉಳಿಸಿಕೊಂಡು, ಅಳಿಯನಿಗೆ ಮೂರನೆಯ ಹೋಳಿಗೆ ಕಟ್ಟಿಕೊಟ್ಟು ಕಳಿಸಿ, ಅವನ ಬಸ್ಸು ಹೋದ ಮೇಲೆ ಮಗನಿಗೆ ಹೇಳಿದಳು: "ತಮ್ಮಾ, ನಾಳಿ ಹೊತ್ತ ಹುಟ್ಟೂದ್ರಾಗ ಒಂದ ಕ್ರೂಸರ್ ಗಾಡಿ ಹೇಳು. ಕೈಯಾಗ ಗ್ಲಾಸ್ ಇದ್ದಾಗ ಹಿಡೀಬೇಕು."

ಮರುದಿನ ಮುಂಜಾನೆ ಮಳೆ ನಿಂತಿತ್ತು. ರಾತ್ರಿಯೆಲ್ಲ ಸುರಿದ ಗುರುತಿಗೆ ಓಡುದಾರಿಯ ಬದಿಯ ಹುಲ್ಲಿನಲ್ಲಿ ನೀರು ನಿಂತಿತ್ತು. ಫೋಟೊ ತೆಗೆಯುತ್ತಾರೆಂದು ಗುರುಪುತ್ರಪ್ಪ ಇಸ್ತ್ರಿ ಮಾಡಿದ ಅಂಗಿ ಹಾಕಿಕೊಂಡು ಬಂದಿದ್ದ. ಅಷ್ಟೇ ಆಗಿದ್ದರೆ ಚಿಂತೆಯಿರಲಿಲ್ಲ. ಗಣಪತಿ ಗಲ್ಲಿಯಲ್ಲಿ ಕೊಂಡ ಹೊಸ ಕೂಲಿಂಗ್ ಗ್ಲಾಸನ್ನೂ ಏರಿಸಿಕೊಂಡಿದ್ದ. ಪೈಲಟ್‌ಗಳು ಹಾಕುವ ಮಾದರಿಯದೇ ಎಂದು ಅಂಗಡಿಯವ ಹೇಳಿದ್ದ. ಗಾಜು ಅಚ್ಚ ನೀಲಿ.

ಓಂಕಾರ ಬಲರೆಕ್ಕೆಯ ನಲ್ಲಿಯಿಂದ ಇಂಧನ ಇಳಿಸಿ ಮೇಡಮ್‌ಗೆ ತೋರಿಸಿದ. ಚೊಕ್ಕ ನೀಲಿ ಇತ್ತು. ಎಡರೆಕ್ಕೆಗೆ ಬರುವ ಹೊತ್ತಿಗೆ ಅವನ ಅವ್ವ ಕುಂಕುಮದ ಬಟ್ಟಲು ಹಿಡಿದು ಕರೆದಳು. ಮೇಡಮ್‌ಗೂ ಆಫೀಸಿನಿಂದ ಫೋನ್ ಬಂತು. "ಕಾಕಾ, ಈ ಬಾಜೂದ ನೀವ ನೋಡಿಬಿಡ್ರಿ," ಎಂದು ಓಂಕಾರ ಲೋಟವನ್ನು ಗುರುಪುತ್ರಪ್ಪನ ಕೈಗೆ ಕೊಟ್ಟು ಹಣೆ ಒಡ್ಡಲು ಹೋದ. ಹೀಗೆ, ನೋಡಲೇಬೇಕಾದ ಇಬ್ಬರೂ ನೋಡದೆ, ಹಿಡಿಯಬೇಕಾದವನೊಬ್ಬನೇ ನೋಡುವ ಪ್ರಸಂಗ ಬಂತು.

ಗುರುಪುತ್ರಪ್ಪ ಲೋಟ ತುಂಬಿಸಿಕೊಂಡು ಮೋಡದ ಬೆಳಕಿಗೆ ಎತ್ತಿ ಹಿಡಿದ. ಮೇಲಿನಿಂದ ಕೆಳಗಿನವರೆಗೆ ಒಂದೇ ಸಮ. ಗೆರೆಯ ಸುಳಿವೇ ಇಲ್ಲ. ಕೂಲಿಂಗ್ ಗ್ಲಾಸಿನ ಹಿಂದಿನಿಂದ ನೋಡಿದರೆ ಇಂದ್ರನೀಲದಂಥ ಬಣ್ಣ. "ಶುದ್ಧ ಐತಿ!" ಎಂದು ಕೂಗಿ ಹೆಬ್ಬೆರಳು ತೋರಿಸಿದ. ಇಡೀ ಲೋಟ ಒಂದೇ ಪದಾರ್ಥದಿಂದ ತುಂಬಿದ್ದರೆ ಗೆರೆ ಬೀಳುವುದು ಎಲ್ಲಿಂದ ಎಂಬ ಪ್ರಶ್ನೆ ಅವನಿಗೆ ಬರಲಿಲ್ಲ. ಓಂಕಾರ ವಿಮಾನ ಹತ್ತಿದ. ಇಂಜಿನ್ ಗುರ್ ಎಂದಿತು.

ಅದೇ ಹೊತ್ತಿಗೆ ಕ್ರೂಸರ್ ಗೇಟಿಗೆ ಬಂದು ನಿಂತಿತ್ತು. ಕಾವಲುಗಾರ ಕಲ್ಲಯ್ಯನಿಗೆ ಆ ದಿನ ಓಂಕಾರನ ಮನೆಯವರನ್ನಷ್ಟೇ ಒಳಗೆ ಬಿಡಬೇಕೆಂದು ಹುಕುಂ ಆಗಿತ್ತು. "ಓಂಕಾರನ ಮಂದಿ ಏನ್ರಿ?" ಎಂದು ಕೇಳಿದ.

"ಎಲ್ಲಾರೂ ಓಂಕಾರನ ಮಂದೀನ ಅಲ್ಲೇನಪಾ," ಎಂದರು ಚನ್ನಬಸಯ್ಯನವರು ಭಕ್ತಿಯಿಂದ. ಗೇಟು ತೆರೆಯಿತು.

ಶಿವಲಿಂಗವ್ವನಿಗೆ ದೂರದಿಂದಲೇ ಅಳಿಯ ಕಂಡ. ಕಣ್ಣಿಗೆ ಬಣ್ಣದ ಚಸ್ಮಾ, ಎತ್ತಿದ ಕೈಯಲ್ಲಿ ತುಂಬಿದ ಲೋಟ, ಮುಖದ ಮೇಲೆ ನಗು. ಇನ್ನೇನು ಸಾಕ್ಷಿ ಬೇಕು? ಆಕೆ ಕಚ್ಚೆ ಬಿಗಿದು ಹುಲ್ಲಿನ ನೀರಿನಲ್ಲಿ ಪಚಪಚ ತುಳಿಯುತ್ತ ಬಂದಳು. ಹಿಂದೆ ಪದ್ಮವ್ವ, ತಮ್ಮಣ್ಣ, ಎಲ್ಲರ ಹಿಂದೆ ಮರದ ಪಾದುಕೆ ಕೈಯಲ್ಲಿ ಹಿಡಿದ ಅಯ್ಯನವರು.

"ಅತ್ತೀ! ನೀವಿಲ್ಲಿ?" ಎನ್ನುವಷ್ಟರಲ್ಲಿ ಲೋಟ ಅತ್ತೆಯ ಕೈಗೆ ಹೋಗಿತ್ತು.

"ಹಡದ ಮಗಳನ್ನ ನಿಮ್ಮ ಕೈಯಾಗ ಕೊಟ್ಟೀನಿ ಅಂತ ಸುಮ್ಕಿದ್ದೆ. ಇವತ್ತ ಎಲ್ಲಾರ ಮುಂದ ಬಯಲಾಗ್ಲಿ!" ಎಂದವಳೇ ಅಂಗೈಗೆ ಸುರಿದುಕೊಂಡು ಬಾಯಿಗೆ ಹಾಕಿಕೊಂಡಳು.

"ಅಯ್ಯಯ್ಯೋ ಅತ್ತಿ, ಉಗಳ್ರಿ! ಎಣ್ಣಿ ಅದು, ವಿಷ!" ಎಂದು ಗುರುಪುತ್ರಪ್ಪ ಕುಣಿದಾಡಿದ.

ಶಿವಲಿಂಗವ್ವ ಉಗುಳಲಿಲ್ಲ. ಬಾಯಿ ಚಪ್ಪರಿಸಿದಳು. ಹುಬ್ಬು ಗಂಟಿಕ್ಕಿದಳು. ಮತ್ತೊಂದು ಗುಟುಕು ಹಾಕಿಕೊಂಡಳು. "ಇದು… ನೀರು!"

"ನೀರ?" ಎಂದರು ಅಯ್ಯನವರು. ಬೆರಳು ಅದ್ದಿ ನಾಲಿಗೆಗೆ ಮುಟ್ಟಿಸಿದರು. "ಚೂರ ಚಿಮಣಿ ಎಣ್ಣಿ ನಾತ ಐತಿ. ಆದ್ರ ನೀರಽ."

"ತಾ ಇಲ್ಲೆ," ಎಂದು ತಮ್ಮಣ್ಣ ಲೋಟ ಇಸಿದುಕೊಂಡ. ಒಂದು ಗುಟುಕನ್ನು ಬಾಯಲ್ಲಿ ಆ ಕಡೆ ಈ ಕಡೆ ತಿರುಗಿಸಿ ಕಣ್ಣು ಅರೆಮುಚ್ಚಿ ಉಗುಳಿದ. "ರಮ್ ಅಲ್ಲ. ಜಿನ್ ಅಲ್ಲ. ಓಡ್ಕಾ ಆದ್ರ ಗಂಟಲ ಸುಡತಿತ್ತು. ಖರೇನ ನೀರು."

ತಾಯಿ ಮಗನ ಕಡೆ ನಿಧಾನವಾಗಿ ತಿರುಗಿದಳು. "ನಿನಗಿದೆಲ್ಲಾ ಹ್ಯಾಂಗ ಗೊತ್ತೋ?" ತಮ್ಮಣ್ಣ ಎರಡು ಹೆಜ್ಜೆ ಹಿಂದೆ ಸರಿದ.

ಪದ್ಮವ್ವನಿಗೆ ಅಣ್ಣನ ಸಂಗತಿ ಬೇಕಿರಲಿಲ್ಲ. "ನೀರಽ ಐತಿ! ನಮ್ಮನಿಯವರ ಗ್ಲಾಸಿನ್ಯಾಗ ಬರೇ ನೀರ ಐತಿ!" ಎಂದು ಖುಷಿಯಲ್ಲಿ ಅಳುತ್ತ ಗಂಡನ ತೋಳು ಹಿಡಿದಳು.

ಗಂಡನ ಮುಖ ಸುಣ್ಣವಾಗಿತ್ತು. ನೀರು ಎಂಬ ಮಾತು ಅವನ ತಲೆಯಲ್ಲಿ ಇಳಿದು ತಳಕ್ಕೆ ಮುಟ್ಟಲು ಇಷ್ಟು ಹೊತ್ತು ಹಿಡಿದಿತ್ತು. ವಿಮಾನ ಓಡುದಾರಿಯ ತುದಿಯ ಕಡೆ ಉರುಳುತ್ತಿತ್ತು. ಆ ತುದಿ ದಾಟಿದರೆ ಗದ್ದೆ, ಗದ್ದೆ ದಾಟಿದರೆ ಖಾನಾಪುರದ ಕಾಡು. ಅವನು ಹೆಂಡತಿಯ ಕೈ ಕೊಡವಿ ಮೇಡಮ್ ನಿಂತ ಕಡೆ ಓಡಿದ. ಹೊಸ ಬೂಟು ಒಂದು ಕೆಸರಿನಲ್ಲಿಯೇ ಉಳಿಯಿತು.

"ಮೇಡಮ್ಮರ! ನೀರು! ನೀರು!"

ಮೇಡಮ್ ವಾಕಿಟಾಕಿ ಕಿವಿಗೆ ಹಿಡಿದಿದ್ದರು. ಮುದುಕಿಯೊಬ್ಬಳು ಬಂದದ್ದನ್ನು ನೋಡಿದ್ದರು. "ಆಫೀಸಿನ್ಯಾಗ ಫಿಲ್ಟರ್ ಐತಲ್ಲ, ಕುಡಸ್ರಿ ಅವರಿಗೆ," ಎಂದರು.

"ಕುಡದಾರ್ರಿ! ಎಡರೆಕ್ಕಿದು ಕುಡದಾರ! ಮೂರೂ ಮಂದಿ ನೀರಂತಾರ್ರೀ!"

ಮುಗ್ಧಾ ಮೇಡಮ್ ಅರೆಗಳಿಗೆ ಅವನ ಮುಖ ನೋಡಿದರು. ಮತ್ತೊಂದು ಪ್ರಶ್ನೆ ಕೇಳಲಿಲ್ಲ. "ಓಂಕಾರ, ನಿಂದ್ರು. ಇಂಜಿನ್ ಬಂದ್ ಮಾಡು. ಈಗಿಂದೀಗ." ಓಡುದಾರಿಯ ತುದಿಯಲ್ಲಿ ಹಾರಲೆಂದು ತಿರುಗುವ ಹೊತ್ತಿಗೆ ವಿಮಾನ ನಿಂತಿತು. ಮೂತಿಯ ಪಂಖ ಒಂದೆರಡು ಸುತ್ತು ಸುಮ್ಮನೆ ತಿರುಗಿ ಸ್ತಬ್ಧವಾಯಿತು.

ಎಡರೆಕ್ಕೆಯಿಂದ ಲೋಟದ ಮೇಲೆ ಲೋಟ ಇಳಿಸಿದರು. ನೀರು, ನೀರು, ಮತ್ತೆ ನೀರು. ಬಹಳ ಹೊತ್ತಿನ ಮೇಲೆ ಲೋಟದಲ್ಲಿ ಗೆರೆ ಕಾಣಿಸಿತು. ಆಮೇಲೆ ನೀಲಿ ಬಂತು. ಮೇಲೆ ಹತ್ತಿ ನೋಡಿದರೆ ಟ್ಯಾಂಕಿನ ಮುಚ್ಚಳದ ರಬ್ಬರು ಒಣಗಿ ಸೀಳಿತ್ತು. ಇಡೀ ರಾತ್ರಿಯ ಮಳೆ ಅಲ್ಲಿಂದ ಇಳಿದಿತ್ತು. ಮೇಡಮ್ ಗುರುಪುತ್ರಪ್ಪನ ಮುಖದಿಂದ ಕೂಲಿಂಗ್ ಗ್ಲಾಸ್ ತೆಗೆದು, ಅದರ ಮೂಲಕ ನೀರಿನ ಲೋಟವನ್ನು ತಾವೇ ನೋಡಿದರು. ಚೊಕ್ಕ ನೀಲಿ. ಯಾರೂ ನಗಲಿಲ್ಲ. ಓಂಕಾರನ ಅವ್ವ ಪೇಢೆಯ ಡಬ್ಬಿ ಅವಚಿಕೊಂಡು ನೆಲದ ಮೇಲೆ ಕುಳಿತಿದ್ದಳು.

"ತಪ್ಪು ನಿಮ್ಮೊಬ್ಬರದಲ್ಲ," ಎಂದರು ಮೇಡಮ್. "ಅಂವಾ ನೋಡಬೇಕಿತ್ತು, ನಾ ನೋಡಬೇಕಿತ್ತು. ಆದ್ರ ನೀವು ಚಸ್ಮಾ ತಗದು ನೋಡಬೇಕಿತ್ತು. ಚಂದ ಕಾಣಸಾಕ ಹೋಗಿ ಏನೂ ಕಾಣಲಿಲ್ಲ ನಿಮಗ." ನೀರು ಕುಡಿದ ಮೂವರನ್ನೂ ಡಾಕ್ಟರ ಕಡೆ ಕಳಿಸಿದರು. ಅವರಿಗೆ ಏನೂ ಆಗಿರಲಿಲ್ಲ. ತಮ್ಮಣ್ಣನಿಗೆ ಮಾತ್ರ ದಾರಿಯುದ್ದಕ್ಕೂ ತಾಯಿಯ ಬಾಜೂಕ್ಕೆ ಕುಳಿತುಕೊಳ್ಳಬೇಕಾಯಿತು. ಗುರುಪುತ್ರಪ್ಪನನ್ನು ಒಂದು ತಿಂಗಳು ಕೆಲಸದಿಂದ ದೂರ ಇಟ್ಟರು. ಓಂಕಾರ ಮರುದಿನ, ಎರಡೂ ರೆಕ್ಕೆಯ ಲೋಟಗಳನ್ನು ತಾನೇ ನೋಡಿ, ಮೂಸಿ, ಒಬ್ಬನೇ ಹಾರಿ ಸುರಕ್ಷಿತ ಇಳಿದ.

ಇಲ್ಲಿಗೆ ಮುಗಿಯಬೇಕಿತ್ತು. ಆದರೆ ಕಾಶೀಬಾಯಿ ಇದ್ದಳಲ್ಲ. ಗುರುಪುತ್ರಪ್ಪ ಕೆಲಸಕ್ಕೆ ಹೋಗದೆ ಮನೆಯಲ್ಲಿ ಕುಳಿತದ್ದು ಕಂಡು, ಪದ್ಮವ್ವನನ್ನು ಕೇಳಿದಳು. ಎಣ್ಣಿ ಇರಬೇಕಾದ ಕಡೆ ನೀರು ಸಿಕ್ಕಿತಂತ, ಅದಕ್ಕೆ ಮನೆಗೆ ಕಳಿಸಿದರಂತ ಎಂದು ಪದ್ಮವ್ವ ಇದ್ದದ್ದನ್ನು ಇದ್ದ ಹಾಗೆಯೇ ಹೇಳಿದಳು. "ದೇವಾ!" ಎಂದಳು ಕಾಶೀಬಾಯಿ. "ದಾರೂ ಬಿಟ್ಟು ನೀರ ಹಿಡದಿದ್ದಕ್ಕ ನೌಕರಿಯಿಂದ ತಗದ್ರ? ಎಂಥಾ ಮಂದಿ ಅವರು!"

ಈ ಸುದ್ದಿಯೂ ಹಳೆಯ ದಾರಿಯಿಂದಲೇ ಬೀಡಿಗೆ ಮುಟ್ಟಿತು. ಅಂದಿನ ಗದ್ದಲದಲ್ಲಿ ಅಳಿಯನ ಲೋಟದಲ್ಲಿ ನೀರಿತ್ತು ಎಂಬುದಷ್ಟನ್ನೇ ನೆನಪಿಟ್ಟುಕೊಂಡು ಬಂದವರಿಗೆ ಅದು ಸರಿಯಾಗಿಯೇ ಹೊಂದಿತು. ವಾರ ಒಪ್ಪತ್ತಿನಲ್ಲಿ ಅಲ್ಲಿನ ಸಮುದಾಯ ಭವನದಲ್ಲಿ ಹೆಂಗಸರ ಸಂಘದಿಂದ ಗುರುಪುತ್ರಪ್ಪನಿಗೆ ಸತ್ಕಾರ. "ನೌಕರಿ ಕಳಕೊಂಡ್ರೂ ನೀರ ಬಿಡಲಿಲ್ಲ" ಎಂದು ಚನ್ನಬಸಯ್ಯನವರು ಬಾಯಿ ತುಂಬ ಹೊಗಳಿದರು. ಶಾಲು ಹೊದೆಸಿ, ಮಾಲೆ ಹಾಕಿ ಮೈಕಿನ ಮುಂದೆ ನಿಲ್ಲಿಸಿದರು.

ಮಾಲೆ ಭಾರವಾಗಿತ್ತು. ಹಿಂದಿನ ಗುರುಪುತ್ರಪ್ಪನಾಗಿದ್ದರೆ ಇನ್ನೊಂದು ಮಾಲೆಗೆ ಕೊರಳು ಉದ್ದ ಮಾಡುತ್ತಿದ್ದ. ಈಗ ಅವನಿಗೆ ಪೇಢೆಯ ಡಬ್ಬಿ ಅವಚಿಕೊಂಡು ನೆಲದ ಮೇಲೆ ಕುಳಿತಿದ್ದ ಓಂಕಾರನ ಅವ್ವ ನೆನಪಾದಳು. ಖರೇ ಹೇಳಿಬಿಡೋಣ ಎಂದು ಮನಸ್ಸು ಗಟ್ಟಿಮಾಡಿದ.

"ನಾ ಈ ಮಾಲಿಗೆ ಲಾಯಕ್ ಇಲ್ರಿ," ಎಂದ. ಸಭೆ ಚಪ್ಪಾಳೆ ತಟ್ಟಿತು.

"ಖರೇ ಹೇಳತೀನ್ರಿ. ಎಣ್ಣಿ ನೋಡೂದು ನನ್ನ ಕೆಲಸ ಇತ್ತು. ಕಣ್ಣಿಗೆ ಬಣ್ಣದ ಚಸ್ಮಾ ಹಾಕ್ಕೊಂಡಿದ್ದೆ, ಕಾಣಲಿಲ್ಲ. ಒಂದ ಹುಡುಗನ ಜೀವ ಹೋಗೂದಿತ್ತು." ಎಣ್ಣೆಯಿಂದ ಹಾಳಾದ ತಮ್ಮ ತಮ್ಮ ಮನೆಯ ಹುಡುಗರನ್ನು ನೆನೆದು ಹೆಂಗಸರೆಲ್ಲ ಸೆರಗಿನಿಂದ ಕಣ್ಣೊರೆಸಿಕೊಂಡರು. ಬಣ್ಣದ ಚಸ್ಮಾ ಎಂದರೆ ಮೋಹ ಎಂದು ಅಯ್ಯನವರು ಪಕ್ಕದವರಿಗೆ ಅರ್ಥ ಬಿಡಿಸಿದರು.

"ಗ್ಲಾಸಿನ್ಯಾಗ ನೀರ ಐತೋ ಎಣ್ಣಿ ಐತೋ ಅಂತ ಸರಿಯಾಗಿ ನೋಡದ ಯಾರೂ ಹೂಂ ಅನಬ್ಯಾಡ್ರಿ," ಎಂದು ಕೈ ಮುಗಿದು ಅವನು ಕುಳಿತ. ಶಿವಲಿಂಗವ್ವ ಎದ್ದು ನಿಂತು ಚಪ್ಪಾಳೆ ತಟ್ಟಿದಳು.

ಸಭೆ ಚದುರಿದ ಮೇಲೆ, ಬಾಗಿಲ ಹೊರಗೆ ಕೆಂಗಣ್ಣಿನ ಮುದುಕನೊಬ್ಬ ಗೋಡೆಗೆ ಆತು ನಿಂತಿದ್ದ. ಗುರುಪುತ್ರಪ್ಪ ಬಂದ ಕೂಡಲೆ ಕಾಲು ಮುಟ್ಟಿ ನಮಸ್ಕಾರ ಮಾಡಿದ.

"ಸಾಹೇಬ್ರ, ಇಡೀ ಊರಾಗ ನನ್ನ ಕಷ್ಟ ತಿಳದಾವ್ರು ನೀವೊಬ್ಬರ ನೋಡ್ರಿ. ಆ ಅಂಗಡ್ಯಾವ ಅರ್ಧಕ್ಕರ್ಧ ನೀರ ಬೆರಸಿ ಕೊಡತಾನ. ಇವತ್ತಿಂದ ನಾನೂ ನೋಡಿನ ಕುಡಿತೀನ್ರಿ."

ತನ್ನ ಭಾಷಣವನ್ನು ಹೇಳಿದ ಹಾಗೆಯೇ ತಿಳಿದುಕೊಂಡವನು ಸಭೆಯಲ್ಲಿ ಇವನೊಬ್ಬನೇ. ಗುರುಪುತ್ರಪ್ಪ ಅತ್ತಿತ್ತ ನೋಡಿದ, ಅತ್ತೆ ದೂರದಲ್ಲಿದ್ದಳು. ಅವನು ಮುದುಕನ ಹೆಗಲ ಮೇಲೆ ಕೈ ಇಟ್ಟು, ಮೆಲ್ಲಗೆ, ಬಹಳ ಗಂಭೀರವಾಗಿ ಹೇಳಿದ:

"ಬರೇ ನೋಡಿದ್ರ ತಿಳಿಯಂಗಿಲ್ಲೋ ಮಾಮಾ. ಮೂಸಿ ನೋಡು."